ಜಾಗ ಸರ್ಕಾರದ್ದು, ಬಾಜಿ ಜನರದ್ದು, ಕುದುರೆ ಯಾರ ಲೆಕ್ಕಕ್ಕೆ?

2025ರ ಸೆಪ್ಟೆಂಬರ್ 22ರಿಂದ ಕುದುರೆ ರೇಸಿನ ಬಾಜಿ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 40ಕ್ಕೆ ಏರಿತು. ಕ್ಯಾಸಿನೊ, ಲಾಟರಿ ಇರುವ ಸಾಲಿನಲ್ಲೇ ರೇಸನ್ನೂ ಕೂರಿಸಿದರು. ಅದೇ ವರ್ಷ ಇನ್ನೊಂದು ಸುದ್ದಿಯೂ ಓಡಾಡಿತು. ಬೆಂಗಳೂರಿನ ನಡುಮಧ್ಯೆ ರೇಸ್ ನಡೆಸುವ ಟರ್ಫ್ ಕ್ಲಬ್ಬನ್ನು ಕುಣಿಗಲ್ ಸ್ಟಡ್ ಫಾರ್ಮ್ (ಕುದುರೆ ತಳಿ ಸಾಕುವ ಜಾಗ) ಕಡೆಗೆ ಕಳಿಸುವ ಯೋಚನೆ ರಾಜ್ಯ ಸರ್ಕಾರಕ್ಕಿದೆ ಅಂತ.

ಎರಡನ್ನೂ ಒಟ್ಟಿಗೆ ಓದಿದರೆ ತಲೆ ಕೆಡುವುದು ಸಹಜ. ಚಟ ಅಂತ ತೆರಿಗೆ ಜಡಿಯುವುದೂ ಸರ್ಕಾರ, ಅದಕ್ಕೆ ಜಾಗ ಹುಡುಕಿಕೊಡುವುದೂ ಸರ್ಕಾರ. ಹಾಗಾದರೆ ರೇಸ್ ಬೇಕಾ, ಬೇಡವಾ? ಇನ್ನೊಂದು ಕಡೆ ಪ್ರಾಣಿಪ್ರಿಯರು ಚಾಟಿ ಏಟು, ಮುರಿದ ಕಾಲುಗಳ ಮಾತೆತ್ತುತ್ತಾರೆ. ತೆರಿಗೆ, ಜಾಗ, ಕುದುರೆ ಮೂರೂ ಬೇರೆ ಬೇರೆ ಜಗಳಗಳಂತೆ ಕಾಣುತ್ತವೆ. ಬಿಡಿಸಿ ನೋಡಿದರೆ ಮೂರೂ ಒಂದೇ ಹಗ್ಗದ ಎಳೆಗಳು.

ಬಜೆಟ್‌ನಲ್ಲಿ ಕಾಣದ ಸಹಾಯ

'ರೇಸ್ ಕ್ಲಬ್‌ಗೆ ಸರ್ಕಾರ ದುಡ್ಡು ಕೊಡಲ್ಲ, ತಗೊಳ್ಳುತ್ತೆ ಅಷ್ಟೇ' ಎನ್ನುವುದು ಕ್ಲಬ್ ಪರವಾಗಿ ಮಾತಾಡುವವರ ಮೊದಲ ವಾದ. ಬಜೆಟ್ ಪುಸ್ತಕ ತೆರೆದರೆ ಅದು ಸರಿಯೇ. ಆದರೆ ಕೊಡುವುದು ಅಂದರೆ ಚೆಕ್ ಬರೆಯುವುದು ಮಾತ್ರ ಅಲ್ಲ.

ಒಂದು ಸಣ್ಣ ಲೆಕ್ಕ ಹಾಕಿ. ನಿಮ್ಮ ಅಂಗಡಿ ಮಳಿಗೆಗೆ ತಿಂಗಳಿಗೆ 50 ಸಾವಿರ ಬಾಡಿಗೆ ಬರುವ ಹಾಗಿದೆ. ನೀವು ಪರಿಚಯದವರಿಗೆ 500 ರೂಪಾಯಿಗೆ ಕೊಟ್ಟಿದ್ದೀರಿ. ತಿಂಗಳಿಗೆ 49,500 ರೂಪಾಯಿ ನೀವು ಅವರ ಕೈಗೆ ಹಾಕಿದ ಹಾಗೇ ಅಲ್ವಾ? ಪಾಸ್‌ಬುಕ್‌ನಲ್ಲಿ ಮಾತ್ರ ಅದು ಎಲ್ಲೂ ಕಾಣಲ್ಲ.

ಇದಕ್ಕೆ ಸ್ಪಷ್ಟ ಉದಾಹರಣೆ ಚೆನ್ನೈನಲ್ಲಿದೆ. ಗಿಂಡಿಯ ಸುಮಾರು 160 ಎಕರೆ ಸರ್ಕಾರಿ ಜಾಗವನ್ನು ಮದ್ರಾಸ್ ರೇಸ್ ಕ್ಲಬ್‌ಗೆ 1945ರಲ್ಲಿ 99 ವರ್ಷದ ಲೀಸ್‌ಗೆ ಕೊಟ್ಟಿದ್ದರು. ಬಾಡಿಗೆ ವರ್ಷಕ್ಕೆ 614 ರೂಪಾಯಿ ಚಿಲ್ಲರೆ. ತಿಂಗಳಿಗಲ್ಲ, ವರ್ಷಕ್ಕೆ. 1970ರಿಂದ ಬಾಡಿಗೆ ಏರಿಸಬೇಕು ಅಂತ ಸರ್ಕಾರ, ಆಗಲ್ಲ ಅಂತ ಕ್ಲಬ್ಬು ದಶಕಗಟ್ಟಲೆ ಜಗ್ಗಾಡಿದವು. ಕೊನೆಗೆ 2023ರಲ್ಲಿ ಮದ್ರಾಸ್ ಹೈಕೋರ್ಟ್ 730 ಕೋಟಿ ರೂಪಾಯಿಗೂ ಹೆಚ್ಚಿನ ಬಾಕಿ ಕಟ್ಟಿ ಎಂದಿತು. 2024ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡು ಸರ್ಕಾರ ಲೀಸ್ ರದ್ದು ಮಾಡಿ ಗೇಟಿಗೆ ಬೀಗ ಹಾಕಿತು. ಅದಕ್ಕೂ ಮೊದಲು, ಅದೇ ವರ್ಷದ ಜೂನ್‌ನಲ್ಲಿ, ಊಟಿಯ ರೇಸ್ ಮೈದಾನದ ಐವತ್ತಕ್ಕೂ ಹೆಚ್ಚು ಎಕರೆಯನ್ನು ವಾಪಸ್ ತೆಗೆದುಕೊಂಡಿತ್ತು.

ಮುಂಬೈ ಬೇರೆ ದಾರಿ ಹಿಡಿಯಿತು. ಮಹಾಲಕ್ಷ್ಮಿ ರೇಸ್ ಕೋರ್ಸಿನ 211 ಎಕರೆಯ ಲೀಸ್ 2013ರಲ್ಲೇ ಮುಗಿದಿತ್ತು. 2024ರಲ್ಲಿ ರಾಜಿಯಾಯಿತು. 120 ಎಕರೆ ಸಾರ್ವಜನಿಕ ಉದ್ಯಾನಕ್ಕೆ, 91 ಎಕರೆ ಕ್ಲಬ್‌ಗೆ. ಅಲ್ಲಿ ಹೊಸ ಲಾಯಗಳಿಗೆ ಪಾಲಿಕೆ ದುಡ್ಡು ಹಾಕಬೇಕಾ ಎನ್ನುವುದೇ ಒಂದು ದೊಡ್ಡ ಜಗಳವಾಗಿತ್ತು.

ಬೆಂಗಳೂರಿಗೆ ಬರೋಣ. ವಿಧಾನಸೌಧಕ್ಕೆ ಹತ್ತಿರವೇ ಇರುವ ಸುಮಾರು 85 ಎಕರೆ ಜಾಗ. ಲೀಸ್ 2009ರ ಡಿಸೆಂಬರ್‌ಗೆ ಮುಗಿಯಿತು. ನಗರದ ಹೊರಗಿನ ಚಿಕ್ಕಜಾಲದ ಕಡೆ ಹೋಗಿ ಅಂತ ಸರ್ಕಾರ ಹೇಳಿತು. ವಿಷಯ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಲೀಸ್ ಮುಗಿದು ಹದಿನೈದು ವರ್ಷ ಕಳೆದರೂ ಕುದುರೆಗಳು ಅದೇ ಮೈದಾನದಲ್ಲಿ ಓಡುತ್ತಿದ್ದವು. ಸಾಮಾನ್ಯ ಬಾಡಿಗೆದಾರನಿಗೆ ಇಷ್ಟು ಪುರುಸೊತ್ತು ಯಾರು ಕೊಡುತ್ತಾರೆ?

ನೂರು ರೂಪಾಯಿ ಬಾಜಿಯ ಕಥೆ

ತೆರಿಗೆ ವಿಷಯ ಗೊಂದಲ ಅನ್ನಿಸುವುದು ಶೇಕಡಾವಾರು ಲೆಕ್ಕದಿಂದಲ್ಲ. ಯಾವುದರ ಮೇಲೆ ತೆರಿಗೆ ಎನ್ನುವುದರಿಂದ.

ರೇಸ್ ಕೋರ್ಸಿನಲ್ಲಿ ಬಾಜಿ ಕಟ್ಟಲು ಎರಡು ದಾರಿ. ಒಂದು ಬುಕ್ಕಿಗಳು. ಇನ್ನೊಂದು ಟೋಟ್. ಟೋಟ್ ಅಂದರೆ ಎಲ್ಲರ ದುಡ್ಡನ್ನೂ ಒಂದೇ ಹುಂಡಿಗೆ ಹಾಕುವ ಪದ್ಧತಿ. ಕ್ಲಬ್ ತನ್ನ ಕಮಿಷನ್ ಮುರಿದುಕೊಂಡು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತದೆ.

ನೀವು 100 ರೂಪಾಯಿ ಹಾಕಿದಿರಿ, ಕ್ಲಬ್ 10 ರೂಪಾಯಿ ಕಮಿಷನ್ ಹಿಡಿಯಿತು ಎಂದುಕೊಳ್ಳಿ. ಕಮಿಷನ್ ಮೇಲೆ ಮಾತ್ರ ಶೇ. 28 ತೆರಿಗೆ ಅಂದರೆ 2 ರೂಪಾಯಿ 80 ಪೈಸೆ. ಪೂರ್ತಿ ಬಾಜಿಯ ಮೇಲೆ ಅಂದರೆ 28 ರೂಪಾಯಿ. ಹೊಸ ದರದಲ್ಲಿ 40 ರೂಪಾಯಿ. ಒಂದೇ ಬಾಜಿ, ಎಷ್ಟು ಅಂತರ ನೋಡಿ.

ಇದೇ ಪ್ರಶ್ನೆ ಹಿಡಿದು ಬೆಂಗಳೂರು ಟರ್ಫ್ ಕ್ಲಬ್ ಕರ್ನಾಟಕ ಹೈಕೋರ್ಟಿಗೆ ಹೋಗಿತ್ತು. 2021ರ ಜೂನ್‌ನಲ್ಲಿ ನ್ಯಾಯಪೀಠ ಕ್ಲಬ್ ವಾದವನ್ನು ಒಪ್ಪಿತು. ಹುಂಡಿಯ ದುಡ್ಡು ಕ್ಲಬ್ಬಿನದ್ದಲ್ಲ, ಅದು ಸ್ವಲ್ಪ ಹೊತ್ತು ಇಟ್ಟುಕೊಂಡು ಹಂಚುವ ದುಡ್ಡು, ತೆರಿಗೆ ಕಮಿಷನ್ ಮೇಲೆ ಮಾತ್ರ ಎಂಬುದು ತೀರ್ಪಿನ ಸಾರ. ಆದರೆ 2023ರಲ್ಲಿ ಕಾನೂನನ್ನೇ ತಿದ್ದಿದರು. ಆ ವರ್ಷದ ಅಕ್ಟೋಬರ್ 1ರಿಂದ ಪೂರ್ತಿ ಬಾಜಿಯ ಮೇಲೆ ಶೇ. 28 ಬಂತು. ಎರಡು ವರ್ಷಕ್ಕೆ ಅದು 40 ಆಯಿತು.

ಸರ್ಕಾರದ ತರ್ಕ ಸರಳ. ಜೂಜು ದುಬಾರಿಯಾದರೆ ಜನ ಕಡಿಮೆ ಆಡುತ್ತಾರೆ, ಆಡಿದವರಿಂದ ಖಜಾನೆಗೆ ಬರುತ್ತದೆ. ಕ್ಲಬ್ ಹೇಳುವುದು ಬೇರೆ. ರೇಸ್ ಹುಚ್ಚು ಹಿಡಿದವನು 140 ರೂಪಾಯಿ ಕೊಟ್ಟು 100ರ ಬಾಜಿ ಯಾಕೆ ಕಟ್ಟುತ್ತಾನೆ? ಫೋನಿನಲ್ಲಿ ಸಿಗುವ ಕಳ್ಳ ಬುಕ್ಕಿಗೆ ಜಿಎಸ್‌ಟಿಯೂ ಇಲ್ಲ, ರಸೀದಿಯೂ ಇಲ್ಲ. ಈ ವಾದದಲ್ಲಿ ಹುರುಳಿದೆ. ಆದರೆ ಇದನ್ನು ಹೇಳುವ ನೈತಿಕ ಬಲ ಕ್ಲಬ್ಬುಗಳಿಗೆ ಸ್ವಲ್ಪ ಕಡಿಮೆ. 2024ರ ಜನವರಿಯಲ್ಲಿ ಬೆಂಗಳೂರಿನ ರೇಸ್ ಕೋರ್ಸಿನೊಳಗೇ ಇದ್ದ ಬುಕ್ಕಿಗಳ ಮಳಿಗೆಗಳ ಮೇಲೆ ಪೊಲೀಸರ ಅಪರಾಧ ವಿಭಾಗವಾದ ಸಿಸಿಬಿ ದಾಳಿ ನಡೆದದ್ದು ತೆರಿಗೆ ತಪ್ಪಿಸುವ ಆರೋಪದ ಮೇಲೇ. ಆಮೇಲೆ ಸರ್ಕಾರ ಪರವಾನಗಿ ಕೊಡಲಿಲ್ಲ. ಜೂನ್ 18ರಂದು ಹೈಕೋರ್ಟಿನ ಏಕಸದಸ್ಯ ಪೀಠ ರೇಸ್ ನಡೆಸಲು ಬಿಟ್ಟಿತು, ನಾಲ್ಕೇ ದಿನಕ್ಕೆ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. ರೇಸ್ ಮತ್ತೆ ಶುರುವಾಗಲು ಸುಮಾರು ಕಾಲ ಹಿಡಿಯಿತು.

ಮಟ್ಕಾ ಆಡಿದರೆ ಪೊಲೀಸರು ಹಿಡಿಯುತ್ತಾರೆ, ರೇಸಿಗೆ ಮಾತ್ರ ಯಾಕೆ ಬಿಡುತ್ತಾರೆ ಅನ್ನುವವರಿಗೆ ಒಂದು ಮಾತು. 1996ರಲ್ಲಿ ಮದ್ರಾಸಿನ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಕುದುರೆ ರೇಸ್ ಬರೀ ಅದೃಷ್ಟದಾಟ ಅಲ್ಲ, ಅದರಲ್ಲಿ ಕೌಶಲ ಮುಖ್ಯ ಎಂದಿತು. ಕುದುರೆಯ ತಳಿ, ಜಾಕಿ, ಹಿಂದಿನ ಓಟಗಳನ್ನು ಅಳೆದು ತೂಗಿ ಬಾಜಿ ಕಟ್ಟುತ್ತಾರೆ ಎಂಬ ಲೆಕ್ಕ. ಕರ್ನಾಟಕದ ಪೊಲೀಸ್ ಕಾಯ್ದೆಯೂ ರೇಸ್ ಬಾಜಿಯನ್ನು ಜೂಜಿನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅಂದರೆ ಪೊಲೀಸ್ ಕಾಯ್ದೆಯ ಕಣ್ಣಿಗೆ ಇದು ಜೂಜಲ್ಲ, ತೆರಿಗೆ ಇಲಾಖೆಯ ಕಣ್ಣಿಗೆ ಕ್ಯಾಸಿನೊ ಪಕ್ಕದ ಮನೆ.

ತೆರಿಗೆಯ ಏಟು ಎಲ್ಲಿ ಬೀಳುತ್ತದೆ?

ಚರ್ಚೆಗಳಲ್ಲಿ ಜಾಸ್ತಿ ಬಿಟ್ಟುಹೋಗುವ ಭಾಗ ಇದು. ಬಾಜಿ ಕಡಿಮೆಯಾದರೆ ಕ್ಲಬ್ಬಿನ ಕಮಿಷನ್ ಕಡಿಮೆ. ರೇಸಿನ ಬಹುಮಾನದ ದುಡ್ಡು ಮುಖ್ಯವಾಗಿ ಬರುವುದು ಅಲ್ಲಿಂದಲೇ. ಬಹುಮಾನ ಇಳಿದರೆ ಕುದುರೆ ಮಾಲೀಕನ ಲೆಕ್ಕ ತಪ್ಪುತ್ತದೆ.

ಮಾಲೀಕನ ಖರ್ಚು ಮಾತ್ರ ಇಳಿಯುವುದಿಲ್ಲ. ತರಬೇತುದಾರನಿಗೆ ತಿಂಗಳ ಶುಲ್ಕ ಕೊಡಬೇಕು. ಕುದುರೆ ನೋಡಿಕೊಳ್ಳುವ ಸೈಸ್‌ಗೆ ಸಂಬಳ, ಮೇವು, ಲಾಳ, ಪಶುವೈದ್ಯರು ಎಲ್ಲಾ ಇದ್ದೇ ಇರುತ್ತದೆ. ಕುದುರೆ ಗೆದ್ದರೂ ತಿನ್ನುತ್ತದೆ, ಸೋತರೂ ತಿನ್ನುತ್ತದೆ. ಆಗ ಮಾಲೀಕ ಮೊದಲು ಕೈಬಿಡುವುದು ಯಾವುದನ್ನು? ಗೆಲ್ಲುವ ಕುದುರೆಯನ್ನಂತೂ ಅಲ್ಲ. ನಾಲ್ಕನೆಯದೋ ಐದನೆಯದೋ ಆಗಿ ಬರುವ, ಕಾಲು ಸ್ವಲ್ಪ ಎಳೆಯುವ ಕುದುರೆಯನ್ನು. ದೆಹಲಿಯಲ್ಲಿ ಕೂತು ಚಟಕ್ಕೆ ಹಾಕಿದ ತೆರಿಗೆ, ಮೂರು ನಾಲ್ಕು ಕೈ ದಾಟಿ, ಬಾಜಿ ಅಂದರೇನು ಅಂತಲೇ ಗೊತ್ತಿಲ್ಲದ ಪ್ರಾಣಿಯ ಮೇಲೆ ಬೀಳುತ್ತದೆ.

ಹಾಗಂತ ತೆರಿಗೆ ಇಳಿಸಿದರೆ ಕುದುರೆಗೆ ಒಳ್ಳೆಯದಾಗುತ್ತದೆ ಅಂತಲೂ ಅಲ್ಲ. ತೆರಿಗೆ ಕಡಿಮೆ ಇದ್ದ ಕಾಲದಲ್ಲೂ ಓಟ ಮುಗಿಸಿದ ಕುದುರೆಯ ಹೆಸರಲ್ಲಿ ದುಡ್ಡು ಎತ್ತಿಡಬೇಕು ಎಂಬ ಕಟ್ಟುಪಾಡು ಕಾನೂನಿನಲ್ಲಿ ಇರಲಿಲ್ಲ.

ರೇಸಿಗೆಂದೇ ಬೆಳೆಸುವ ಥರೋಬ್ರೆಡ್ ತಳಿಯ ಕುದುರೆ ಎರಡು ವರ್ಷಕ್ಕೇ ಓಡಲು ಶುರು ಮಾಡುತ್ತದೆ. ಬಹಳಷ್ಟು ಕುದುರೆಗಳ ಓಟ ಏಳೆಂಟು ವರ್ಷದೊಳಗೆ ಮುಗಿದುಹೋಗುತ್ತದೆ. ಕುದುರೆಯ ಆಯಸ್ಸು ಚೆನ್ನಾಗಿ ನೋಡಿಕೊಂಡರೆ 25 ವರ್ಷ, ಕೆಲವು 30ರವರೆಗೂ ಬದುಕುತ್ತವೆ. ಅಂದರೆ ಗಳಿಸುವ ಕಾಲದ ಸುಮಾರು ಮೂರು ನಾಲ್ಕು ಪಟ್ಟು ಕಾಲ ಅದಕ್ಕೆ ಯಾರೋ ಮೇವು ಹಾಕಬೇಕು. ಅದೃಷ್ಟ ಇದ್ದವು ಸವಾರಿ ಶಾಲೆಗೋ ತಳಿ ಸಾಕಣೆಗೋ ಹೋಗುತ್ತವೆ. ಉಳಿದವು ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋಗುತ್ತವೆ. ಪ್ರತಿ ಕೈಬದಲಿಗೂ ಬೆಲೆ ಇಳಿಯುತ್ತದೆ, ಆರೈಕೆಯೂ ಇಳಿಯುತ್ತದೆ.

ಮೊಣಕಾಲಿನ ಕೆಳಗೆ

ರೇಸ್ ಕುದುರೆ ಬಿದ್ದರೆ ಯಾಕೆ ಸಾಯಿಸುತ್ತಾರೆ, ಕಾಲಿಗೆ ಪಟ್ಟಿ ಹಾಕಲು ಆಗಲ್ವಾ ಅಂತ ಸುಮಾರು ಜನ ಕೇಳುತ್ತಾರೆ. ಉತ್ತರ ಕುದುರೆಯ ಮೈಕಟ್ಟಿನಲ್ಲೇ ಇದೆ.

ಸುಮಾರು 450–500 ಕಿಲೋ ತೂಕದ ಪ್ರಾಣಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುತ್ತದೆ. ಆ ಓಟದಲ್ಲಿ ಒಂದೊಂದು ಕ್ಷಣ ಒಂದೇ ಮುಂಗಾಲು ನೆಲದ ಮೇಲಿರುತ್ತದೆ. ಅದರ ಮೇಲೆ ಮೈತೂಕದ ಎರಡು ಪಟ್ಟಿಗಿಂತ ಜಾಸ್ತಿ ಭಾರ ಬೀಳುತ್ತದೆ. ಮೊಣಕಾಲಿನ ಕೆಳಗೆ ಮಾಂಸವೇ ಇಲ್ಲ. ಮೂಳೆ, ಸ್ನಾಯುರಜ್ಜು, ಚರ್ಮ ಅಷ್ಟೇ. ಮುರಿದರೆ ಚೂರು ಚೂರಾಗುವುದು ಜಾಸ್ತಿ, ರಕ್ತ ಓಡಾಟ ಕಡಿಮೆ ಇರುವುದರಿಂದ ಕೂಡುವುದು ನಿಧಾನ.

ಮನುಷ್ಯನಾದರೆ ಮೂರು ತಿಂಗಳು ಮಂಚ ಹಿಡಿಯಬಹುದು. ಕುದುರೆ ದಿನಗಟ್ಟಲೆ ಮಲಗಿರಲು ಆಗಲ್ಲ, ಅದರ ಭಾರವೇ ಅದರ ಶ್ವಾಸಕೋಶ, ಕರುಳನ್ನು ಒತ್ತುತ್ತದೆ. ನಿಂತೇ ಇರಬೇಕು. ಮೂರು ಕಾಲಿನ ಮೇಲೆ ನಿಂತರೆ ಉಳಿದ ಕಾಲುಗಳ ಗೊರಸಿನೊಳಗೆ ಊತ ಶುರುವಾಗುತ್ತದೆ. ಒಂದು ಕಾಲು ಉಳಿಸಲು ಹೋಗಿ ಇನ್ನೊಂದು ಹೋಗುತ್ತದೆ. ಹಾಗಾಗಿ ವೈದ್ಯರು ಸೂಜಿ ಹಿಡಿಯುವುದು ಎಷ್ಟೋ ಸಲ ಕ್ರೌರ್ಯದಿಂದಲ್ಲ, ಬೇರೆ ದಾರಿ ಇಲ್ಲದೆ.

ಎರಡು ವರ್ಷಕ್ಕೇ ಓಡಿಸುವುದು ತಪ್ಪಾ? ಮೂಳೆ ಪೂರ್ತಿ ಬಲಿತಿರಲ್ಲ ಎಂದು ಪ್ರಾಣಿಪ್ರಿಯರು ಹೇಳುತ್ತಾರೆ. ಎಳೆಯದರಲ್ಲಿ ಹದವಾಗಿ ಓಡಿಸಿದರೆ ಮೂಳೆ ಗಟ್ಟಿಯಾಗುತ್ತದೆ ಎನ್ನುವ ಸಂಶೋಧನೆಗಳೂ ಇವೆ. ಹದ ಅಂದರೆ ಎಷ್ಟು ಎನ್ನುವುದರಲ್ಲೇ ಎಲ್ಲಾ ಇದೆ. ಬಹುಮಾನದ ಒತ್ತಡ ಇರುವ ಕಡೆ ಹದ ಕಾಯುವವರು ಬೇಕು.

ಚಾಟಿಯ ವಿಷಯ ಇದಕ್ಕಿಂತ ಸುಲಭ. ಕುದುರೆ ಚರ್ಮ ದಪ್ಪ, ಅದಕ್ಕೆ ನೋವಾಗಲ್ಲ ಎನ್ನುವುದು ಹಳೆ ನಂಬಿಕೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಮನುಷ್ಯನ ಮತ್ತು ಕುದುರೆಯ ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಹೋಲಿಸಿದರು. ಹೊರಪದರದ ದಪ್ಪದಲ್ಲೂ, ನೋವು ತಿಳಿಸುವ ನರತುದಿಗಳಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಬ್ರಿಟನ್ ಈಗ ಬಯಲು ಓಟದಲ್ಲಿ (ಬೇಲಿ ಹಾರುವುದು ಇಲ್ಲದ ಓಟ) ಆರು ಏಟಿನ ಮಿತಿ ಇಟ್ಟಿದೆ. ತೀರಾ ಮಿತಿ ಮೀರಿದರೆ ಗೆದ್ದ ಕುದುರೆಯೇ ಅನರ್ಹ. ನಾರ್ವೆ 1982ರಲ್ಲೇ ಚಾಟಿಗೆ ಹೆಚ್ಚುಕಡಿಮೆ ಪೂರ್ತಿ ನಿಷೇಧ ಹಾಕಿತು. ರೇಸ್ ಅಲ್ಲಿ ಇವತ್ತಿಗೂ ನಡೆಯುತ್ತಿದೆ.

ಹತ್ತು ರೂಪಾಯಿ ದಂಡ

ನಮ್ಮ ಕಾನೂನು ಏನು ಹೇಳುತ್ತದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಪ್ರಾಣಿಯನ್ನು ಹೊಡೆದು ಬಡಿದು ಹಿಂಸಿಸಿದರೆ ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಇವತ್ತು ರೇಸ್ ಕೋರ್ಸ್ ರಸ್ತೆಯ ಆಸುಪಾಸಿನ ಹೋಟೆಲಲ್ಲಿ ಒಂದು ಮಸಾಲೆ ದೋಸೆಗೂ ಸಾಲದು. ಲಕ್ಷಗಟ್ಟಲೆ ಬೆಲೆಯ ಕುದುರೆ ಓಡುವ ಕಡೆ ಈ ದಂಡಕ್ಕೆ ಯಾರು ಹೆದರುತ್ತಾರೆ?

ಇನ್ನೊಂದು 1952ರ ಮೈಸೂರು ರೇಸ್ ಕೋರ್ಸ್ ಪರವಾನಗಿ ಕಾಯ್ದೆ. ಸರ್ಕಾರ ಕ್ಲಬ್‌ಗೆ ಲೈಸೆನ್ಸ್ ಕೊಡುವುದು, ನಿಲ್ಲಿಸುವುದು ಇದರಡಿ. 2024ರ ಜಗಳವೂ ಇದರ ಮೇಲೇ ನಡೆಯಿತು. ಆ ಜಗಳದ ತುಂಬಾ ಕೇಳಿದ್ದು ಬುಕ್ಕಿ, ಜಿಎಸ್‌ಟಿ, ಆದಾಯದ ಮಾತು. 2019ರ ನವೆಂಬರ್‌ನಲ್ಲಿ ಇದೇ ಮೈದಾನದಲ್ಲಿ ಓಟದ ನಡುವೆ ಕುದುರೆಗಳು ಬಿದ್ದು, ಸಿಟ್ಟಾದ ಜನ ದಾಂಧಲೆ ಎಬ್ಬಿಸಿದ್ದರು. ಆಗ ಸ್ವಲ್ಪ ದಿನ ಟ್ರ್ಯಾಕಿನ ಸುರಕ್ಷತೆಯ ಮಾತು ಬಂತು, ಹೋಯಿತು.

ಕಂಬಳದ ಜೊತೆ ಹೋಲಿಸಿ ನೋಡಿ. 2014ರಲ್ಲಿ ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗಳ ಪರ ನಿಂತ ಮೇಲೆ ಕಂಬಳಕ್ಕೂ ಕಂಟಕ ಬಂತು. ಕರ್ನಾಟಕ 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಷರತ್ತು ಹಾಕಿ ಕಂಬಳ ಉಳಿಸಿಕೊಂಡಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಷರತ್ತುಗಳು ಗದ್ದೆಯಲ್ಲಿ ಎಷ್ಟು ಪಾಲನೆಯಾಗುತ್ತವೆ ಎನ್ನುವುದು ಬೇರೆ ಚರ್ಚೆ. ಆದರೆ ಕೋಣದ ಬೆನ್ನಿನ ಮೇಲೆ ಬೀಳುವ ಏಟಿನ ಬಗ್ಗೆ ಇಡೀ ರಾಜ್ಯ ಮಾತಾಡಿತು. ನಗರದ ಮಧ್ಯೆ, ಸರ್ಕಾರಿ ಜಾಗದಲ್ಲಿ ಓಡುವ ಕುದುರೆಗೆ ಅಷ್ಟು ಮಾತು ಸಿಕ್ಕಿಲ್ಲ.

ದುಡ್ಡು ಕೊಟ್ಟವರು ಕೇಳಿದರು

ಐರ್ಲೆಂಡ್ ಸರ್ಕಾರ ನೇರವಾಗಿ ದುಡ್ಡು ಕೊಡುತ್ತದೆ. 2001ರ ಕಾನೂನಿನ ಪ್ರಕಾರ ಕುದುರೆ ಮತ್ತು ಗ್ರೇಹೌಂಡ್ ನಾಯಿ ರೇಸಿಗೆಂದೇ ಒಂದು ನಿಧಿ. ಶೇ. 80 ಕುದುರೆಗೆ, ಶೇ. 20 ನಾಯಿಗೆ. 2024ರಲ್ಲಿ ಒಟ್ಟು 9.5 ಕೋಟಿ ಯೂರೊ. ಹಳ್ಳಿಗಾಡಿನ ಸಾವಿರಾರು ಕೆಲಸ ಇದರಿಂದ ನಡೆಯುತ್ತದೆ ಎನ್ನುವುದು ಸಮರ್ಥನೆ.

ಅದೇ ವರ್ಷದ ಜೂನ್‌ನಲ್ಲಿ ಅಲ್ಲಿನ ಸಾರ್ವಜನಿಕ ವಾಹಿನಿ ಆರ್‌ಟಿಇ ಒಂದು ತನಿಖಾ ವರದಿ ಬಿತ್ತರಿಸಿತು. ಕಿಲ್ಡೇರ್ ಕೌಂಟಿಯ ಕಸಾಯಿಖಾನೆಯೊಂದರ ಆವರಣದಲ್ಲಿ ಕುದುರೆಗಳನ್ನು ಹೊಡೆಯುವ ದೃಶ್ಯಗಳು, ಗುರುತಿನ ದಾಖಲೆಗಳಲ್ಲಿ ಮೋಸ. ಬಂದ ಕುದುರೆಗಳಲ್ಲಿ ರೇಸಿಗೆಂದು ಬೆಳೆಸಿದವೂ ಇದ್ದವು. ದೇಶ ಬೆಚ್ಚಿತು. ನಮ್ಮ ತೆರಿಗೆ ದುಡ್ಡು ಕೊಟ್ಟು ಇದನ್ನಾ ನೋಡಬೇಕಾಗಿದ್ದು ಎಂಬ ಪ್ರಶ್ನೆ ಸಂಸತ್ತಿಗೂ ಬಂತು. ನಿಧಿ ನಿಲ್ಲಲಿಲ್ಲ ನಿಜ. ಆದರೆ ಪ್ರಶ್ನೆ ಕೇಳಲು ಒಂದು ಹಿಡಿಕೆ ಇತ್ತು. ಪ್ರತಿ ವರ್ಷ ಬಜೆಟ್‌ನಲ್ಲಿ ಆ ಸಾಲು ಬರುತ್ತದೆ, ಪ್ರತಿ ವರ್ಷ ಯಾರಾದರೂ ಎದ್ದುನಿಂತು ಕೇಳಬಹುದು.

ಬ್ರಿಟನ್ನಿನಲ್ಲಿ ಖಜಾನೆಯಿಂದಲ್ಲ, ಬುಕ್ಕಿಗಳಿಂದ. 1961ರಿಂದ ಅಲ್ಲಿ ಕಾನೂನುಬದ್ಧ ವಂತಿಗೆ ಇದೆ. ಬ್ರಿಟಿಷ್ ರೇಸುಗಳ ಬಾಜಿಯಿಂದ ಬರುವ ಒಟ್ಟು ಲಾಭದಲ್ಲಿ, ಒಂದು ಮಿತಿ ದಾಟಿದ ಮೇಲೆ, ಶೇ. 10. ಬಹುಮಾನದ ಜೊತೆಗೆ ಪಶುವೈದ್ಯಕೀಯ ಸಂಶೋಧನೆಗೂ ಅದರಿಂದ ದುಡ್ಡು ಹೋಗುತ್ತದೆ.

ಅಮೆರಿಕದ ಪಾಠ ಲೆಕ್ಕ ಇಡುವುದರದ್ದು. 2019ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ಅನಿಟಾದಲ್ಲಿ ಒಂದರ ಹಿಂದೆ ಒಂದು ಕುದುರೆ ಸತ್ತು ಗಲಾಟೆಯಾಯಿತು. 2020ರಲ್ಲಿ ರಾಷ್ಟ್ರಮಟ್ಟದ ಕಾನೂನು ಬಂತು. ಅಲ್ಲಿ ಕುದುರೆ ಒಂದು ಸಲ ಓಡುವುದನ್ನು ಒಂದು ಓಟ ಅಂತ ಹಿಡಿದರೆ, 2009ರಲ್ಲಿ ಪ್ರತಿ ಸಾವಿರ ಓಟಕ್ಕೆ ಎರಡು ಕುದುರೆ ಸಾಯುತ್ತಿದ್ದವು. 2024ರಲ್ಲಿ ಹೊಸ ಕಾನೂನಿನಡಿ ಬರುವ ಮೈದಾನಗಳಲ್ಲಿ ಅದು 0.90ಕ್ಕೆ ಇಳಿಯಿತು. ಓಟಕ್ಕೆ ಮೊದಲು ವೈದ್ಯರ ತಪಾಸಣೆ, ಔಷಧಿ ಮೇಲೆ ಹಿಡಿತ, ಟ್ರ್ಯಾಕಿನ ನೆಲದ ಪರೀಕ್ಷೆ ಬಿಗಿಯಾದವು. ಪ್ರತಿ ಸಾವನ್ನೂ ಬರೆದಿಟ್ಟಿದ್ದರಿಂದ ಎಲ್ಲಿ ತಪ್ಪಾಗುತ್ತಿದೆ ಎಂದು ಗೊತ್ತಾಯಿತು.

ಕುಣಿಗಲ್‌ಗೆ ಹೋದರೆ

ಕುಣಿಗಲ್‌ಗೆ ಕುದುರೆ ಹೊಸದಲ್ಲ. ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಬೆಳೆಸಿದ ಜಾಗ ಅದು. 1992ರಿಂದ ಖಾಸಗಿ ಕಂಪನಿಯೊಂದಕ್ಕೆ 30 ವರ್ಷದ ಲೀಸ್‌ಗೆ ಹೋಗಿತ್ತು. ಈಗ ಮಾತಾಡುತ್ತಿರುವುದು ಅದರ ನೂರು ಎಕರೆಗೂ ಸ್ವಲ್ಪ ಹೆಚ್ಚಿನ ಜಾಗದ ಬಗ್ಗೆ.

ಸ್ಥಳಾಂತರದಿಂದ ಕುದುರೆಗೆ ಲಾಭವೂ ಇದೆ. ಟ್ರಾಫಿಕ್ಕಿನ ಹೊಗೆ ಇಲ್ಲ, ಅಡ್ಡಾಡಲು ಬಯಲು ಇದೆ. ಮನಸ್ಸು ಮಾಡಿದರೆ ಓಟ ಮುಗಿಸಿದವನ್ನು ಅಲ್ಲೇ ಇಟ್ಟುಕೊಳ್ಳಲೂ ಆಗುತ್ತದೆ. ಲಾಯಗಳ ಸುತ್ತ ಬದುಕು ಕಟ್ಟಿಕೊಂಡ ಸೈಸ್‌ಗಳಿಗೆ, ಲಾಳ ಕಟ್ಟುವವರಿಗೆ ಕಷ್ಟ. ಮಕ್ಕಳ ಶಾಲೆ, ಬಾಡಿಗೆ ಮನೆ ಎಲ್ಲಾ ಬೆಂಗಳೂರಿನಲ್ಲಿ. ಬಾಜಿ ಕಟ್ಟುವವರು ಎಪ್ಪತ್ತು ಕಿಲೋಮೀಟರ್ ಬರುತ್ತಾರಾ ಎನ್ನುವುದು ಕ್ಲಬ್ಬಿನ ಚಿಂತೆ. ಬರದಿದ್ದರೆ ಫೋನ್ ಬುಕ್ಕಿಗೆ ಇನ್ನೂ ಒಳ್ಳೆ ಕಾಲ.

ಬೆಂಗಳೂರಿನವರ ಕಣ್ಣು ಖಾಲಿಯಾಗುವ 85 ಎಕರೆ ಮೇಲಿರುತ್ತದೆ. ಪಾರ್ಕಾ, ಕಟ್ಟಡಗಳಾ ಎನ್ನುವ ಜಗಳ ಶುರುವಾದರೆ ಕುದುರೆ ಮತ್ತೆ ಹಿಂದಿನ ಸಾಲಿಗೆ ಹೋಗುತ್ತದೆ. ಆದರೆ ಸರ್ಕಾರದ ಕೈಯಲ್ಲಿ ಲಗಾಮು ಇರುವುದು ಹೊಸ ಲೀಸ್ ಬರೆಯುವ ಆ ಒಂದು ಗಳಿಗೆಯಲ್ಲಿ ಮಾತ್ರ. ಬರೆದು ಸಹಿ ಹಾಕಿದ ಮೇಲೆ ಏನಾಗುತ್ತದೆ ಎನ್ನುವುದಕ್ಕೆ ಗಿಂಡಿಯ 614 ರೂಪಾಯಿ ಸಾಕ್ಷಿ.

ಹಾಗಾಗಿ ಕರಡು ಹೊರಬಂದಾಗ ಬಾಡಿಗೆ ಎಷ್ಟು ಅಂತ ನೋಡುವುದರ ಜೊತೆಗೆ ಇನ್ನೂ ಮೂರು ಸಾಲು ಹುಡುಕಬೇಕು. ಸತ್ತ, ಗಾಯಗೊಂಡ ಕುದುರೆಗಳ ಲೆಕ್ಕವನ್ನು ವರ್ಷ ವರ್ಷ ಸಾರ್ವಜನಿಕವಾಗಿ ಕೊಡಬೇಕು ಅಂತ ಇದೆಯಾ? ಓಟಕ್ಕೆ ಮೊದಲು ಕುದುರೆ ನೋಡುವ ವೈದ್ಯರಿಗೆ ಸಂಬಳ ಕೊಡುವುದು ಕ್ಲಬ್ಬಾ, ಬೇರೆಯವರಾ? ಬಾಜಿಯ ಕಮಿಷನ್ನಿನಲ್ಲಿ ಒಂದು ಪಾಲು, ಸಣ್ಣದೇ ಇರಲಿ, ಓಟ ಬಿಟ್ಟ ಕುದುರೆಗಳ ಮೇವಿಗೆ ಹೋಗುತ್ತದಾ?

ಕುಣಿಗಲ್‌ನ ಹಿಂದಿನ ಲೀಸ್ 30 ವರ್ಷದ್ದು, ಹೊಸದೂ ಅಷ್ಟೇ ಅಂದುಕೊಳ್ಳಿ. ಹೆಚ್ಚುಕಡಿಮೆ ಒಂದು ಕುದುರೆಯ ಪೂರ್ತಿ ಆಯಸ್ಸು ಅಷ್ಟೇ. ಸಹಿ ಬಿದ್ದ ದಿನ ಹುಟ್ಟಿದ ಮರಿ ಎರಡು ವರ್ಷಕ್ಕೆ ಟ್ರ್ಯಾಕಿಗೆ ಇಳಿಯುತ್ತದೆ, ಏಳೆಂಟಕ್ಕೆ ಹೊರಗೆ ಬರುತ್ತದೆ. ಆಗ ಲೀಸ್‌ನಲ್ಲಿ ಇನ್ನೂ 22 ವರ್ಷ ಬಾಕಿ ಇರುತ್ತದೆ.